ಟ್ರೈಕೋಡರ್ಮಾ ಹಾಕಿದರೂ ಟೊಮೆಟೊ, ಮೆಣಸಿನ ಸಸಿಗಳು ಬುಡ ಕೊಳೆತು ಬೀಳುತ್ತಿವೆ, ಏನು ಮಾಡಲಿ?

ಮಡಿಯಲ್ಲಿ ಬಿತ್ತಿದ ಸಸಿಗಳು ಎರಡು ಎಲೆ ಬಿಡುವಷ್ಟರಲ್ಲೇ ಬುಡ ಕೊಳೆತು ಬೀಳುತ್ತಿವೆ, ಟ್ರೈಕೋಡರ್ಮಾ ಪುಡಿಯನ್ನು ನೀರಿನಲ್ಲಿ ಕಲಸಿ ಸುರಿದರೂ ನಿಲ್ಲಲಿಲ್ಲ, ಕಾಂಪೋಸ್ಟ್ ಸೇರಿಸಿದರೆ ಪ್ರಯೋಜನವಾದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ, ಆದರೆ ಈಗ ಬೀಳುತ್ತಿರುವ ಸಸಿಗಳಿಗಲ್ಲ, ಮುಂದಿನ ಬಿತ್ತನೆಗೆ. ಟ್ರೈಕೋಡರ್ಮಾ ಜೀವವಿರುವ ಶಿಲೀಂಧ್ರ. ರೋಗಾಣು ಬರುವ ಮೊದಲೇ ಅದು ಮಣ್ಣಿನಲ್ಲಿ ನೆಲೆಯೂರಿರಬೇಕು, ನೆಲೆಯೂರಲು ಅದಕ್ಕೆ ಆಹಾರ ಬೇಕು, ಆ ಆಹಾರವೇ ಚೆನ್ನಾಗಿ ಕಳಿತ ಗೊಬ್ಬರ.

ಎಳೆಯ ಸಸಿಗಳನ್ನು ಹೀಗೆ ಕೆಡಹುವವು ಹೆಚ್ಚಾಗಿ ಪಿಥಿಯಂ ಮತ್ತು ರೈಜೋಕ್ಟೋನಿಯಾ ಎಂಬ ಮಣ್ಣಿನ ರೋಗಾಣುಗಳು. ಪಿಥಿಯಂನ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಮೊಳೆಯುವ ಬೀಜದಿಂದ ಒಸರುವ ಸಿಹಿ ರಸದ ಜಾಡು ಹಿಡಿದು ಅವು ಬೇರಿಗೆ ಅಂಟಿಕೊಳ್ಳುತ್ತವೆ. ಕಳಿತ ಕಾಂಪೋಸ್ಟ್‌ನಲ್ಲಿರುವ ಅಸಂಖ್ಯ ಸೂಕ್ಷ್ಮಜೀವಿಗಳು ಆ ರಸವನ್ನು ತಾವೇ ತಿಂದು ಮುಗಿಸುವುದರಿಂದ ಪಿಥಿಯಂಗೆ ದಾರಿಯೂ ಸಿಗುವುದಿಲ್ಲ, ಆಹಾರವೂ ಸಿಗುವುದಿಲ್ಲ. ರೈಜೋಕ್ಟೋನಿಯಾ ಅಷ್ಟು ಸುಲಭಕ್ಕೆ ಬಗ್ಗುವುದಲ್ಲ, ಅಲ್ಲಿ ಟ್ರೈಕೋಡರ್ಮಾವೇ ಬೇಕಾಗುತ್ತದೆ. ಅದು ರೈಜೋಕ್ಟೋನಿಯಾದ ಎಳೆಗಳಿಗೆ ಬಳ್ಳಿಯಂತೆ ಸುತ್ತಿಕೊಂಡು, ಅವುಗಳ ಹೊರಗೋಡೆಯನ್ನು ಕರಗಿಸಿ ಒಳಗಿನದನ್ನು ತಿನ್ನುತ್ತದೆ; ವೈಂಡ್ಲಿಂಗ್ ಎಂಬ ವಿಜ್ಞಾನಿ 1932ರಲ್ಲೇ ಇದನ್ನು ಕಂಡು ಬರೆದಿದ್ದಾರೆ.

ನಾನು ಚಿಕ್ಕಬಳ್ಳಾಪುರದ ಕಡೆಯವನು, ನಮ್ಮ ತೋಟಕ್ಕೆ ಬೇಕಾದ ಸಸಿಗಳನ್ನು ನಾನೇ ಬೆಳೆಸಿಕೊಳ್ಳುತ್ತೇನೆ. ಮೊದಲ ವರ್ಷ ನಾನು ಅರೆಬರೆ ಕೊಳೆತ ಸಗಣಿ ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿ, ಅಂದೇ ಮಡಿಗೆ ಹಾಕಿ, ಮರುದಿನ ಬಿತ್ತಿದ್ದೆ. ಆ ಮಡಿಯ ಅರ್ಧಕ್ಕಿಂತ ಹೆಚ್ಚು ಸಸಿಗಳು ಹೋದವು. ಹಸಿ ಗೊಬ್ಬರದಲ್ಲಿ ಉಳಿದಿರುವ ಸಕ್ಕರೆ, ಪಿಷ್ಟಗಳನ್ನು ತಿಂದು ಪಿಥಿಯಂ ಕೂಡ ಹೆಚ್ಚುತ್ತದೆಂದು ಆಗ ನನಗೆ ತಿಳಿದಿರಲಿಲ್ಲ. ಗೊಬ್ಬರವನ್ನು ಕೈಗೆತ್ತಿಕೊಂಡಾಗ ಸಗಣಿಯ ವಾಸನೆಯೋ ಮೂಗಿಗೆ ಹೊಡೆಯುವ ಅಮೋನಿಯಾ ಘಾಟೋ ಬಂದರೆ, ರಾಶಿಯ ಒಳಗೆ ಕೈಯಿಟ್ಟಾಗ ಬಿಸಿ ತಾಗಿದರೆ, ಅದು ಇನ್ನೂ ಹಣ್ಣಾಗಿಲ್ಲ. ಮೊದಲ ಮಳೆ ಬಿದ್ದ ನೆಲದ ವಾಸನೆ ಬರಬೇಕು. ಬಿಸಿ ರಾಶಿಗೆ ಟ್ರೈಕೋಡರ್ಮಾ ಸೇರಿಸಲೂಬಾರದು, ಆ ಶಾಖಕ್ಕೆ ಅದು ಸಾಯುತ್ತದೆ.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಬಿತ್ತುವುದಕ್ಕೆ ಮೂರು ವಾರ ಮೊದಲು, ಒಂದು ಕ್ವಿಂಟಾಲ್ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 10 ಕಿಲೋ ಬೇವಿನ ಹಿಂಡಿ ಮತ್ತು 1 ಕಿಲೋ ಟ್ರೈಕೋಡರ್ಮಾ ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಆದರೆ ಬೆರಳ ಸಂದಿನಿಂದ ನೀರು ತೊಟ್ಟಿಕ್ಕಬಾರದು ಎನ್ನುವಷ್ಟು ನೀರು ಚಿಮುಕಿಸಿ, ನೆರಳಿನಲ್ಲಿ ರಾಶಿ ಹಾಕಿ ಒದ್ದೆ ಗೋಣಿಚೀಲ ಹೊದಿಸುತ್ತೇನೆ. ನಾಲ್ಕೈದು ದಿನಕ್ಕೆ ಗೋಣಿ ಸರಿಸಿ ನೋಡಿದರೆ ರಾಶಿಯ ಮೇಲೆ ಹತ್ತಿ ಹರಡಿದಂತೆ ಬಿಳಿ ಎಳೆಗಳು ಕಾಣಿಸುತ್ತವೆ, ಇನ್ನೆರಡು ಮೂರು ದಿನಕ್ಕೆ ಅವು ಪಾಚಿಯ ಹಸಿರಿಗೆ ತಿರುಗುತ್ತವೆ. ಆ ಹಸಿರು ಕಾಣದಿದ್ದರೆ ತಂದ ಪುಡಿಯಲ್ಲಿ ಜೀವ ಉಳಿದಿರಲಿಲ್ಲವೆಂದೇ ನಾನು ತಿಳಿಯುತ್ತೇನೆ. ಆದ್ದರಿಂದ ಕೊಳ್ಳುವಾಗಲೇ ತಯಾರಾದ ದಿನಾಂಕವನ್ನು ನೋಡಿ, ಬಿಸಿಲು ಬೀಳುವ ಅಂಗಡಿಯಿಂದ ತರಬೇಡಿ. ರಾಶಿಯನ್ನು ನಡುವೆ ಎರಡು ಸಲ ತಿರುವಿಹಾಕಿ, 15 ದಿನಗಳ ನಂತರ ಮಡಿಯ ಮೇಲ್ಮಣ್ಣಿಗೆ ಬೆರೆಸಬೇಕು. ಕಂಪನಿಯ ಬೀಜಕ್ಕೆ ಬಣ್ಣ ಲೇಪಿಸಿದ್ದರೆ ಅದರಲ್ಲಿ ಸಾಮಾನ್ಯವಾಗಿ ಶಿಲೀಂಧ್ರನಾಶಕ ಇರುತ್ತದೆ, ಅಂಥ ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸಿ ಫಲವಿಲ್ಲ. ಮಡಿಗೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಸುರಿದರೂ ಹಾಗೆಯೇ, ನೀವು ಸಾಕಿದ ಶಿಲೀಂಧ್ರವನ್ನೇ ಅದು ಕೊಲ್ಲುತ್ತದೆ.

ಇಷ್ಟಾದರೂ ನೀರಿನಲ್ಲಿ ತಪ್ಪಿದರೆ ಎಲ್ಲವೂ ವ್ಯರ್ಥ. ಮಡಿ 15 ಸೆಂಟಿಮೀಟರಾದರೂ ಎತ್ತರವಿರಲಿ, ಬೀಜ ತೆಳುವಾಗಿ ಬೀಳಲಿ. ಸಂಜೆ ನೀರು ಹಾಕಿದರೆ ಬುಡ ರಾತ್ರಿಯಿಡೀ ಒದ್ದೆಯಾಗಿರುತ್ತದೆ, ಆದ್ದರಿಂದ ಬೆಳಿಗ್ಗೆಯೇ ಹಾಕಿ. ಈಗ ಬೀಳುತ್ತಿರುವ ಕಡೆ ಸತ್ತ ಸಸಿಗಳನ್ನು ಸುತ್ತಲಿನ ಮಣ್ಣಿನ ಸಮೇತ ಕಿತ್ತು ದೂರ ಹಾಕಿ; ಮುಂದಿನ ಏಪ್ರಿಲ್–ಮೇ ಬಿಸಿಲಿನಲ್ಲಿ ಆ ಜಾಗವನ್ನು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚುಗಳಿಗೆ ಮಣ್ಣು ಒತ್ತಿ ನಾಲ್ಕರಿಂದ ಆರು ವಾರ ಮುಚ್ಚಿಡಿ.

ನಾಟಿ ಮಾಡಿದ ಮೇಲೆ ಬೆಳೆದ ಟೊಮೆಟೊ ಗಿಡಗಳೂ ಹಸಿರಾಗಿರುವಾಗಲೇ ಇದ್ದಕ್ಕಿದ್ದಂತೆ ಬಾಡುತ್ತಿದ್ದರೆ ಅದು ಬೇರೆಯ ರೋಗ. ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿದು ನೋಡಿ. ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಅದನ್ನು ಟ್ರೈಕೋಡರ್ಮಾ ತಡೆಯುತ್ತದೆಂದು ನಂಬಿ ಕೂರಬೇಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ, ಆ ರೋಗವನ್ನು ತಾಳಿಕೊಳ್ಳುವ ತಳಿಯನ್ನೇ ಹಾಕಿ.