ಅಡ್ಡಗಾಳಿಯಲ್ಲಿ ಎಷ್ಟು ನಾಟ್ ತನಕ ಸೆಸ್ನಾ ಟೇಕಾಫ್ ಮಾಡಬಹುದು?

ಸಾಗರದವರು, ಸೋಲೋ, ಅಂದ್ರೆ ಒಬ್ಬರೇ ಹಾರೋದು, ಈಗಷ್ಟೇ ಶುರು, ಜೊತೆಯವರೆಲ್ಲ ಗಾಳಿಯಲ್ಲೂ ಹಾರುತ್ತಾರೆ ಅಂತ ಬರೆದಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು. ಹೀಗೇ ನಂಬರ್ ಕೇಳಿಕೊಂಡು ಹಾರಿ, ಒಂದು ವಿಮಾನದ ಮೂಗು ಮುರಿದವನು.

ಹೊರರಾಜ್ಯದ ತರಬೇತಿ ಶಾಲೆ, ಸೆಸ್ನಾ 172 ಅನ್ನೋ ಪುಟ್ಟ ವಿಮಾನ. ಗಾಳಿ 14 ನಾಟ್, ಗಸ್ಟ್ 22 ಅಂತ ಟವರ್ ಹೇಳಿತು. ಒಂದು ನಾಟ್ ಅಂದ್ರೆ ಗಂಟೆಗೆ ಸುಮಾರು 1.85 ಕಿ.ಮೀ. ಗಸ್ಟ್ ಅಂದ್ರೆ ನಡುನಡುವೆ ರಪ್ಪಂತ ಬೀಸೋದು. ಗಾಳಿ ಎಡಗಡೆಯಿಂದ, ರನ್‌ವೇಗೆ 60 ಡಿಗ್ರಿ. ನಾನು 14 ಹಿಡಿದು ಲೆಕ್ಕ ಹಾಕಿದೆ, ರನ್‌ವೇಗೆ ನೇರ ಅಡ್ಡಕ್ಕೆ ಬೀಸೋ ಪಾಲು 12 ಬಂತು. ಕೈಪಿಡಿಯಲ್ಲಿ 15 ಅಂತಿದೆ, ಆರಾಮ ಅಂದುಕೊಂಡೆ. 22 ಹಿಡಿದಿದ್ದರೆ 19 ಬರುತ್ತಿತ್ತು! ಆ 15 ಕೂಡ ಕಂಪನಿಯವರು ಪರೀಕ್ಷೆಯಲ್ಲಿ ಹಾರಿಸಿ ತೋರಿಸಿದ ಗಾಳಿ, ಅಷ್ಟೇ. ನನಗೂ ನಿಮಗೂ ಕೊಟ್ಟ ಭರವಸೆ ಅಲ್ಲ.

ಆದರೆ ನನ್ನನ್ನು ಕೆಡವಿದ್ದು ಲೆಕ್ಕ ಅಲ್ಲ, ಕೈ. ಓಟ ಶುರುವಾಗುವಾಗ ಯೋಕ್, ಅಂದ್ರೆ ಕೈಯಲ್ಲಿ ಹಿಡಿಯೋ ಸ್ಟೇರಿಂಗ್, ಪೂರ್ತಿ ಗಾಳಿ ಕಡೆಗೆ ತಿರುಗಿರಬೇಕು. ಅದು ತಿರುಗಿಸೋದು ರೆಕ್ಕೆಯಂಚಿನ ಹಲಗೆ, ಏಲರಾನ್. ವೇಗ ಏರಿದ ಹಾಗೆ ಏಲರಾನ್‌ಗೆ ಬಲ ಬರುತ್ತೆ, ಆಗ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಪೂರ್ತಿ ಬಿಡಬಾರದು. ಶುರುವಲ್ಲಿ ಸರಿಯಾಗೇ ಹಿಡಿದಿದ್ದೆ. 40 ನಾಟ್ ಹೊತ್ತಿಗೆ ಮೂಗು ಎಡಕ್ಕೆ ಎಳೆಯಿತು. ಬಾಲದ ಹಲಗೆ ತಿರುಗಿಸೋ ಕಾಲಿನ ಪೆಡಲ್, ಬಲ ರಡ್ಡರ್ ಒತ್ತಿದೆ. ಗಮನವೆಲ್ಲ ಕಾಲಿಗೆ ಹೋಯ್ತು, ಕೈ ತನ್ನಷ್ಟಕ್ಕೆ ಯೋಕನ್ನು ನೆಟ್ಟಗೆ ಮಾಡಿಬಿಟ್ಟಿತು. ಕಾರು ಓಡಿಸಿದ ಅಭ್ಯಾಸ ನೋಡಿ, ನೇರ ಹೋಗಬೇಕಾದ್ರೆ ಸ್ಟೇರಿಂಗ್ ನೇರ! ಆಷಾಢದ ಮಳೆಯಲ್ಲಿ ಕೊಡೆಯನ್ನು ಗಾಳಿ ಕಡೆಗೇ ಬಾಗಿಸಿ ಹಿಡೀತೀವಿ ಅಲ್ವಾ? ಒಂದು ಕ್ಷಣ ನೆಟ್ಟಗೆ ಮಾಡಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಎಡರೆಕ್ಕೆ ಅಡಿಗೆ ಗಾಳಿ ನುಗ್ಗಿತು. ಎಡಚಕ್ರ ಎದ್ದಿತು, ವಿಮಾನ ಬಲಚಕ್ರದ ಮೇಲೆ ಕುಪ್ಪಳಿಸಿತು. ಗಾಬರಿಯಲ್ಲಿ ಯೋಕ್ ಎಳೆದೆ. ಇನ್ನೂ 50 ನಾಟ್ ಆಗಿರಲಿಲ್ಲ. ನೆಲ ಬಿಟ್ಟಿತು, ಬಲಕ್ಕೆ ಜಾರಿತು, ಗಾಳಿ ಥಟ್ಟನೆ ಇಳಿಯಿತು, ಅಡ್ಡಡ್ಡಲಾಗಿ ದೊಪ್ಪನೆ ಕೂತಿತು. ಮುಂದಿನ ಚಕ್ರ ಮುರಿದು, ಪ್ರೊಪೆಲ್ಲರ್ ಪಕ್ಕದ ಹುಲ್ಲನ್ನೆಲ್ಲ ಉತ್ತುಹಾಕಿತು. ಅದರ ತುದಿಗಳು ಬಾಡಿದ ಬಾಳೆಎಲೆ ಹಾಗೆ ಸುರುಳಿ ಸುತ್ತಿದ್ದವು. ನನಗೆ ಬೆಲ್ಟಿನ ಗೀರು ಬಿಟ್ಟರೆ ಏನೂ ಆಗಲಿಲ್ಲ.

ಚಕ್ರ ಎದ್ದ ಕೂಡಲೇ ಥ್ರಾಟಲ್ ಹಿಂದಕ್ಕೆಳೆದು, ಎಂಜಿನ್ ಶಕ್ತಿ ಇಳಿಸಿ ನಿಲ್ಲಿಸಬಹುದಿತ್ತು. ರನ್‌ವೇ ಬೇಕಾದಷ್ಟಿತ್ತು. ನಮ್ಮ ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದಲ್ಲಿ ಈಗ 3,200 ಮೀಟರ್ ಇದೆ, 172ಕ್ಕೆ ಓಡೋಕೆ 300 ಮೀಟರ್ ಆಸುಪಾಸು ಸಾಕು. ಆದರೂ ಆ ಹೊತ್ತಲ್ಲಿ ನಿಲ್ಲಿಸೋದು ಹೊಳೆಯೋದೇ ಇಲ್ಲ.

ಹಾಗಾಗಿ ಎಷ್ಟು ನಾಟ್ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ನಂಬರೇ ಬೇಕಾದರೆ ಗಸ್ಟ್ ಹಿಡಿದು ಲೆಕ್ಕ ಹಾಕಿ, ಸೋಲೋಗೆ ನಿಮ್ಮ ಶಾಲೆ ಹಾಕಿದ ಮಿತಿ ದಾಟಬೇಡಿ. ಜೊತೆಯವರ ಮಾತು ಬಿಡಿ. ಅವತ್ತು ನನಗಿಂತ ಮೊದಲು ಇಬ್ಬರು ಹೋಗಿ ಸುಖವಾಗಿ ಬಂದಿದ್ದರು. ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯೋ ಕೊನೆಗಾರ ಗಾಳಿ ಎದ್ದರೆ ಮರ ಇಳಿದು ಎಲೆಅಡಿಕೆ ಹಾಕ್ಕೊಂಡು ಕೂರ್ತಾನೆ, ಯಾರೂ ಅವನನ್ನು ಪುಕ್ಕಲ ಅನ್ನಲ್ಲ.

ಮುಂದಿನ ಗಾಳಿ ದಿನ ಇನ್‌ಸ್ಟ್ರಕ್ಟರನ್ನು ಪಕ್ಕ ಕೂರಿಸಿಕೊಂಡು ಹೋಗಿ. ನನ್ನ ಕಾಲು ನೋಡ್ಬೇಡಿ ಸಾರ್, ಕೈ ನೋಡಿ ಅಂತ ಮೊದಲೇ ಹೇಳಿಬಿಡಿ.