ಐಟಿಸಿ ಸ್ಲಾಟ್‌ಗೆ ಹೋಗುವ ಮುನ್ನ

ಪ್ರಶ್ನೆ: ನಾವು ತಯಾರಿಸಿದ ಅಣು ಕಿಣ್ವಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೆಂದು ನೋಡಲು ಬೇರೊಂದು ಸಂಸ್ಥೆಯಲ್ಲಿ ಐಟಿಸಿ (ಅಣುಗಳು ಅಂಟುವಾಗಿನ ಶಾಖವನ್ನು ಅಳೆಯುವ ಯಂತ್ರ) ಸ್ಲಾಟ್ ಪಡೆದಿದ್ದೆ. ಪೀಕ್‌ಗಳು (ಪ್ರತಿ ಸಲ ಅಣು ಬಿಟ್ಟಾಗಿನ ಶಾಖದ ಗುರುತು) ದೊಡ್ಡದಾಗಿ ಬಂದರೂ ಮೊದಲಿನಿಂದ ಕೊನೆಯವರೆಗೂ ಒಂದೇ ಎತ್ತರ. ಅಣುವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದೆ. ಯಂತ್ರ ಕೆಟ್ಟಿತ್ತೇ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಯಂತ್ರವನ್ನಲ್ಲ, ಡಿಎಂಎಸ್‌ಒವನ್ನು ಮೊದಲು ಅನುಮಾನಿಸಿ. ಅಣು ನಿಜಕ್ಕೂ ಅಂಟುತ್ತಿದ್ದರೆ ಪ್ರೋಟೀನಿನಲ್ಲಿ ಜಾಗ ತುಂಬಿದ ಹಾಗೆ ಪೀಕ್ ಕುಗ್ಗಬೇಕು. ಕುಗ್ಗದ ದೊಡ್ಡ ಪೀಕ್ ಹೆಚ್ಚಾಗಿ ಡಿಎಂಎಸ್‌ಒ ಬಫರ್‌ಗೆ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಬೆರೆಯುವಾಗ ಹೊಮ್ಮುವ ಶಾಖ. ಅಣು ಬಿಡುವ ಸಿರಿಂಜಿನಲ್ಲಿ ಡಿಎಂಎಸ್‌ಒ ಶೇ 2, ಪ್ರೋಟೀನ್ ಇರುವ ಸೆಲ್‌ನಲ್ಲಿ ಸೊನ್ನೆ ಇದ್ದರೆ ಬೇರೇನೂ ಕಾಣುವುದಿಲ್ಲ.

ಪ್ರೋಟೀನನ್ನು ರಾತ್ರಿಯಿಡೀ ಡಯಾಲಿಸಿಸ್‌ಗೆ ಇಡಿ (ಪೊರೆಯ ಚೀಲದಲ್ಲಿ ತುಂಬಿ ಬಫರ್‌ನಲ್ಲಿ ಮುಳುಗಿಸಿ). ಹೊರಗಿನ ಬಫರ್ ಚೆಲ್ಲಬೇಡಿ, ಅಣುವನ್ನು ಅದರಲ್ಲೇ ತೆಳುಮಾಡಬೇಕು. ಡಿಎಂಎಸ್‌ಒದಲ್ಲಿ ಕರಗಿಸಿದ ನಿಮ್ಮ ಅಣುವಿನ ಸ್ಟಾಕ್ 10 ಮಿಲಿಮೋಲಾರ್ ಎನ್ನೋಣ. ಅದರ 10 ಮೈಕ್ರೋಲೀಟರ್‌ಗೆ 490 ಮೈಕ್ರೋಲೀಟರ್ ಬಫರ್ ಸೇರಿಸಿದರೆ 200 ಮೈಕ್ರೋಮೋಲಾರ್, ಡಿಎಂಎಸ್‌ಒ ಶೇ 2. ಸೆಲ್‌ಗೆ 294 ಮೈಕ್ರೋಲೀಟರ್ ಪ್ರೋಟೀನ್, 6 ಮೈಕ್ರೋಲೀಟರ್ ಬರೀ ಡಿಎಂಎಸ್‌ಒ. ಕೊನೆಗೆ ಪ್ರೋಟೀನ್ 20 ಮೈಕ್ರೋಮೋಲಾರ್ ಉಳಿಯಬೇಕು. ಎರಡಕ್ಕೂ ಒಂದೇ ಬಾಟಲಿಯ ಡಿಎಂಎಸ್‌ಒ, ಒಂದೇ ಪಿಪೆಟ್. ಡಿಎಂಎಸ್‌ಒ ಗಾಳಿಯ ತೇವ ಹೀರುತ್ತದೆ, ಹಳೆಯ ಬಾಟಲಿ ಬೇಡ. ಎರಡರ ಪಿಎಚ್ ನೋಡಿ, 0.05ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸರಿಪಡಿಸಿಯೇ ಮುಂದುವರಿಯಿರಿ. ಪ್ರೋಟೀನ್ ಉತ್ಕರ್ಷಣವಾಗದಂತೆ ಹಾಕುವ ಡಿಟಿಟಿ ತಾನೇ ಉತ್ಕರ್ಷಣಗೊಂಡು ಬೇಸ್‌ಲೈನ್ (ಪೀಕ್‌ಗಳ ತಳದ ಗೆರೆ) ಹಾಳುಮಾಡುತ್ತದೆ, ಅದರ ಬದಲು ಟಿಸಿಇಪಿ ವಾಸಿ. ಪ್ರೋಟೀನ್ ಇಲ್ಲದ, ಅಷ್ಟೇ ಡಿಎಂಎಸ್‌ಒ ಇರುವ ಬಫರ್‌ಗೆ ಅಣುವನ್ನು ಬಿಡುವ ಕಂಟ್ರೋಲ್ ರನ್ ತಪ್ಪಿಸಲೇಬಾರದು. ಸಮಯ ಸಾಲದೆಂದು ಎಲ್ಲರೂ ಕೈಬಿಡುವುದು ಇದನ್ನೇ.

ಇಷ್ಟೆಲ್ಲ ಹೊಂದಿಸಿದ ಮೇಲೂ ಪೀಕ್ ಸಣ್ಣದಾಗಿ, ನಿಧಾನ ಇಳಿಯುತ್ತಿದ್ದರೆ ಅಂಟು ದುರ್ಬಲವಿರಬಹುದು. ಸೆಲ್‌ನ ಪ್ರೋಟೀನ್ ಸಾಂದ್ರತೆ ಕೆಡಿಯ (ಅರ್ಧದಷ್ಟು ಪ್ರೋಟೀನಿಗೆ ಅಣು ಅಂಟಿರುವ ಸಾಂದ್ರತೆ, ಕಡಿಮೆಯಿದ್ದಷ್ಟೂ ಅಂಟು ಬಿಗಿ) 10ರಿಂದ 100 ಪಟ್ಟು ಇದ್ದರೆ ವಕ್ರರೇಖೆ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ಹಿಂದಿನವರು ಸೆಲ್ ಸರಿಯಾಗಿ ತೊಳೆದಿದ್ದಾರೆಂದು ತಿಳಿಯುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ನೀರಿಗೆ ನೀರು ಬಿಟ್ಟು ನೋಡಿ. ಪೀಕ್‌ಗಳು ತೀರಾ ಸಣ್ಣದಾಗಿ, ಒಂದೇ ಸಮನಾಗಿ ಬರಬೇಕು. ಏರುಪೇರಾದರೆ ಸೆಲ್‌ನಲ್ಲಿ ಪ್ರೋಟೀನ್ ಅಂಟಿರಬಹುದು, ಗುಳ್ಳೆ ಸಿಕ್ಕಿರಬಹುದು ಅಥವಾ ಸಿರಿಂಜಿನ ಸೂಜಿ ಬಾಗಿರಬಹುದು. ಸೂಜಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ. ತುದಿ ಅಲುಗಿದರೆ ಬಳಸದೆ ನಿರ್ವಾಹಕರಿಗೆ ಆಗಲೇ ತಿಳಿಸಿ. ತೊಳೆಯಲು ಅಲ್ಲಿನ ಡಿಟರ್ಜೆಂಟನ್ನೇ ಹಾಕಿ, ನಂತರ ನೀರಿನಲ್ಲಿ ಹಲವು ಸಲ ಜಾಲಾಡಿಸಿ. ಉಳಿದ ಡಿಟರ್ಜೆಂಟ್ ನಿಮ್ಮ ಪ್ರೋಟೀನನ್ನೇ ಕೆಡಿಸುತ್ತದೆ. ತಲಾ 2 ಮೈಕ್ರೋಲೀಟರ್‌ನ 19 ಇಂಜೆಕ್ಷನ್, ನಡುವೆ 150 ಸೆಕೆಂಡ್ ಎಂದರೆ ಒಂದು ರನ್‌ಗೆ ಸುಮಾರು 48 ನಿಮಿಷ. ತಾಪ ಸ್ಥಿರವಾಗುವ ಹೊತ್ತು ಬೇರೆ. ನೀರಿನ ರನ್, ಕಂಟ್ರೋಲ್, ಅಸಲು ರನ್ ಮೂರಕ್ಕೂ ಸಾಕಾಗುವಷ್ಟು ಸ್ಲಾಟ್ ಕೇಳಿ.