ಉಪ್ಪಾಗೆ (ಗಾರ್ಸೀನಿಯಾ) ಸಾರದ ಕ್ಯಾಪ್ಸೂಲ್ ತೆಗೆದುಕೊಂಡರೆ ಬೊಜ್ಜು ಬರದಂತೆ ತಡೆಯಬಹುದೇ?

ಅದನ್ನು ನಂಬಿ ಕೂರಬೇಡಿ. ಉಪ್ಪಾಗೆ ಎಂಬ ಹುಳಿ ಹಣ್ಣಿನ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ (ಎಚ್‌ಸಿಎ) ಇದೆ. ಊಟದಲ್ಲಿ ಹೆಚ್ಚಾದ ಪಿಷ್ಟ, ಸಕ್ಕರೆಯನ್ನು ಜೀವಕೋಶಗಳು ಕೊಬ್ಬಾಗಿಸಲು ಬಳಸುವ ಒಂದು ಕಿಣ್ವಕ್ಕೆ ಇದು ಅಡ್ಡಗಾಲು ಹಾಕುತ್ತದೆ. ಇಲಿಗಳಲ್ಲಿ ಪರಿಣಾಮ ಕಂಡಿದ್ದು ನಿಜ. ಆದರೆ ಮನುಷ್ಯರ ಮೈಯಲ್ಲಿ ಸೇರುವ ಕೊಬ್ಬಿನ ಬಹುಪಾಲು ನೇರವಾಗಿ ತಿಂದ ಎಣ್ಣೆ, ತುಪ್ಪ, ಕರಿದ ತಿಂಡಿಗಳಿಂದಲೇ ಬರುತ್ತದೆ. ಸಕ್ಕರೆ ಕೊಬ್ಬಾಗುವ ದಾರಿ ನಮ್ಮಲ್ಲಿ ಚಿಕ್ಕದು, ಅದನ್ನು ಮುಚ್ಚಿದರೂ ಸಿಗುವ ಲಾಭ ಅಷ್ಟಕ್ಕಷ್ಟೇ.

1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ 135 ಮಂದಿ ಭಾಗವಹಿಸಿದ್ದರು. 12 ವಾರ, ದಿನಕ್ಕೆ 1500 ಮಿ.ಗ್ರಾಂ ಎಚ್‌ಸಿಎ ತೆಗೆದುಕೊಂಡವರಿಗೂ ಸಾರವಿಲ್ಲದ ಹುಸಿ ಮಾತ್ರೆ ನುಂಗಿದವರಿಗೂ ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಬರಲಿಲ್ಲ.

ಲೇಬಲ್ ಓದುವಾಗ ಒಂದು ಲೆಕ್ಕ ತಪ್ಪುತ್ತದೆ. '500 ಮಿ.ಗ್ರಾಂ, ಶೇ 60 ಎಚ್‌ಸಿಎ' ಎಂದಿದ್ದರೆ ಒಳಗಿರುವ ಎಚ್‌ಸಿಎ 300 ಮಿ.ಗ್ರಾಂ ಮಾತ್ರ. ಹಾಗಂತ ಕ್ಯಾಪ್ಸೂಲ್ ಸಂಖ್ಯೆ ಏರಿಸಬೇಡಿ. ಗಾರ್ಸೀನಿಯಾ ಮಾತ್ರೆ ತೆಗೆದುಕೊಂಡವರಲ್ಲಿ ತೀವ್ರ ಯಕೃತ್ತಿನ ಹಾನಿ ವರದಿಯಾಗಿದೆ, ಕೆಲವರಿಗೆ ಯಕೃತ್ತಿನ ಕಸಿಯೇ ಬೇಕಾಗಿದೆ. ಹಸಿವು ಸತ್ತರೆ, ಕಣ್ಣು ಹಳದಿಯಾದರೆ ಅಥವಾ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು ಮುಟ್ಟಲೇಬಾರದು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುರುಮಾಡಬಾರದು.

ಮಲೆನಾಡಿನಲ್ಲಿ ಹೊಗೆಗೆ ಒಣಗಿಸಿ ಕಪ್ಪಾದ ಉಪ್ಪಾಗೆ ಸಿಪ್ಪೆಯನ್ನು ಹುಳಿಗೆಂದು ಸಾರಿಗೆ ಹಾಕುವುದು ಬೇರೆ ಮಾತು. ಒಂದೆರಡು ಎಸಳಿಗೆ ಹೆದರಬೇಕಿಲ್ಲ.